ಆರನೆಯ ದೀಪ

ಆರನೆಯ ದೀಪ ಹತ್ತಿತು. ಹಿಂದೆಯೇ ಟಕ್ ಎನ್ನಬೇಕಾದ ಸದ್ದು ಮಾತ್ರ ಬರಲಿಲ್ಲ.

ಭೀಮವ್ವ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು. ಯರಗೇರಾ ದಾಟಿದ ಮೇಲಿರುವ ಮಲ್ಲಯ್ಯನವರ ಅಕ್ಕಿ ಗಿರಣಿಯ ಪ್ಯಾನೆಲ್ ಕೋಣೆ ಅದು. ಆಳೆತ್ತರದ ಕಬ್ಬಿಣದ ಬೀರುವಿನೊಳಗೆ ಅಂಗೈಯಗಲದ ಔಟ್‌ಪುಟ್ ಮಾಡ್ಯೂಲು, ಅದರ ಎದೆಯ ಮೇಲೆ ಹದಿನಾರು ಹಸಿರು ದೀಪ. ಗಿರಣಿ ನಡೆಸುವ ಕಂಪ್ಯೂಟರು ಯಾವುದಕ್ಕೆ ಹೊರಡು ಎನ್ನುತ್ತದೋ ಅದರ ದೀಪ ಹತ್ತುತ್ತದೆ, ಕೆಳಗಿನ ರಿಲೇ ಎಂಬ ಸ್ವಿಚ್ಚು ಟಕ್ ಎನ್ನುತ್ತದೆ, ಹೊರಗೆ ಮೋಟಾರೋ ವಾಲ್ವೋ ಹೇಳಿದ ಮಾತು ಕೇಳುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಿಲ್ಲೆಸುಗೂರಿನಲ್ಲಿ ಏಳನೆಯದಕ್ಕೇ ಶಾಲೆ ಬಿಟ್ಟು ಅಪ್ಪನ ಕುರಿ ಕಾಯ್ದವಳು. ಮಂದೆಯಲ್ಲಿ ಕುಂಟುವ ಮರಿಯನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದ ಕಣ್ಣು, ವರ್ಷದಿಂದ ಇಲ್ಲಿ ಧೂಳು ಒರೆಸುತ್ತ ನೋಡಿ ನೋಡಿ ಕಲಿತದ್ದು. ಮೊದಲನೆಯದು ಎಲಿವೇಟರು, ನಾಲ್ಕನೆಯದು ನೀರಿನ ಪಂಪು, ಆರನೆಯದು ಉಗಿಯ ವಾಲ್ವು.

"ಆ ದೀಪಕ್ಕ ಮದಿವಿ ಆಗಿಬಿಡು ಬೇ, ಅದಾದ್ರ ಕುಡದು ಬಂದು ಹೊಡಿಯಂಗಿಲ್ಲ" ಎಂದು ಕಸ ಗುಡಿಸುವ ಇಮಾಮ್ ಬೀ ಅಣಕಿಸುತ್ತಿದ್ದಳು. ಭೀಮವ್ವ ಓಢಣಿಯನ್ನು ಬಾಯಿಗೊತ್ತಿಕೊಂಡು ನಗುವಳು. ಮೊದಲು ತೌಡು ತುಂಬುವ ಕಣದಲ್ಲಿದ್ದಾಗ ಅದರ ಪುಡಿಗೆ ಅವಳಿಗೆ ಎದೆ ಬಿರಿಯುವಷ್ಟು ಕೆಮ್ಮು. ಈ ಕೋಣೆಗೆ ಬಂದ ಮೇಲೆ ಅದು ನಿಂತಿತ್ತು.

ಉಗಿ ಬರಲಿಲ್ಲ ಎಂಬ ಕೂಗು ಹೊರಗಿನಿಂದ ಎದ್ದಿತು. ಮಾನ್ವಿಯಿಂದ ಬಂದ ಒಂದು ಲಾರಿ ಭತ್ತ ಕುಸುಬಲಕ್ಕಿಗೆಂದು ಬಿಸಿನೀರಿನ ತೊಟ್ಟಿಯಲ್ಲಿ ನೆನೆದು ಕುಳಿತಿತ್ತು. ಮಧ್ಯಾಹ್ನದೊಳಗೆ ಉಗಿ ಕೊಡದಿದ್ದರೆ ಹುಳಿತು ನಾರುತ್ತದೆ, ಆಮೇಲೆ ಅದನ್ನು ಕೋಳಿಗೂ ಹಾಕುವಂತಿಲ್ಲ. ಕೈಯಿಂದ ತಿರುವುವ ಹಳೆಯ ವಾಲ್ವನ್ನು ಹೊಸದು ಕೂಡಿಸುವಾಗಲೇ ಕಿತ್ತು ಗುಜರಿಗೆ ಹಾಕಿದ್ದರು.

ರಾಯಚೂರಿನಿಂದ ಎಲೆಕ್ಟ್ರಿಷಿಯನ್ ಸತ್ತಾರ್ ಸಾಬ್ ಸ್ಕೂಟರಿನಲ್ಲಿ ಬಂದರು. ವಾಲ್ವು ನೋಡಿದರು, ರಿಲೇ ನೋಡಿದರು, ಮಾಡ್ಯೂಲಿನಿಂದ ಹೊರಟ ವೈರಿಗೆ ಮೀಟರು ಹಚ್ಚಿ ತಲೆಯಾಡಿಸಿದರು.

"ದೀಪ ಹತ್ತತದ, ಕರೆಂಟ್ ಹೊರಗ ಬರವಲ್ದು. ಮಾಡ್ಯೂಲ್ ಖಲಾಸ್ ಆಗ್ಯಾದ್ರಿ. ಹೈದ್ರಾಬಾದಿಂದ ತರಸಬೇಕು, ಎರಡು ದಿನ."

ಮಲ್ಲಯ್ಯನವರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. ಹಣೆಯ ಮೇಲಿನ ಮೂರು ಬಿಳಿ ಗೆರೆಗಳು ಬೆವರಿಗೆ ಒಂದಾಗತೊಡಗಿದ್ದವು. ಕಾಯಕದ ವಸ್ತುವಿಗೂ ಲಿಂಗಕ್ಕೂ ಭೇದ ಎಣಿಸದ ಮನುಷ್ಯ ಅವರು. ಪ್ರತಿ ಸೋಮವಾರ ಜಳಕ ಮಾಡಿ, ಹಿತ್ತಾಳೆ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಬಂದು ತಕ್ಕಡಿಗೆ, ಬಾಯ್ಲರಿಗೆ ಹಚ್ಚುವರು. ಕಡೆಗೆ ಬೀರು ತೆಗೆದು ಮಾಡ್ಯೂಲಿಗೂ ಮೂರು ಬೆರಳು ಎಳೆಯುವರು. ಕೆಳಗಿನ ಬೆರಳಿನ ನೀರು ಪ್ರತಿ ಸಲವೂ ವೈರು ಬಿಗಿದ ಆರನೆಯ ತಿರುಪಿನ ಕುಣಿಗೆ ಇಳಿಯುವುದನ್ನು ಭೀಮವ್ವ ಕಂಡಿದ್ದಳು. ಮೇಲಿನದನ್ನು ಒರೆಸುತ್ತಿದ್ದಳು. ತಿರುಪುಗಳನ್ನು ಮುಟ್ಟಬಾರದೆಂದು ಹೇಳಿದ್ದರಿಂದ ಒಳಗಿನದು ಒಳಗೇ ಒಣಗುತ್ತಿತ್ತು.

ಗಡಿಯಾರ ಹನ್ನೊಂದು ದಾಟಿತ್ತು. ಅವಳು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಚಾಚಾ, ಆರನೇ ತಿರುಪಿನ ಕುಣಿ ಒಂದಿಷ್ಟು ನೋಡ್ರಿ."

ಸತ್ತಾರ್ ಸಾಬ್ ಕರೆಂಟು ತೆಗೆದು, ಬ್ಯಾಟರಿ ಬೆಳಕು ಬಿಟ್ಟು ಬಗ್ಗಿದರು. ತಿರುಪು ಬಿಚ್ಚಿದರೆ ವೈರಿನ ತುದಿ ಹಸಿರು ಕಿಲುಬು ಹಿಡಿದು, ಸುತ್ತ ಬಿಳಿ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದರು. ಮಲ್ಲಯ್ಯನವರ ಹಣೆಯನ್ನು ನೋಡಿದರು. ಮೂವತ್ತು ವರ್ಷದ ಗೆಳೆತನ, ಗಂಟಲು ಸರಿಮಾಡಿಕೊಂಡರು.

"ಧೂಳು ಕುಂತದ ಅಷ್ಟ" ಎಂದರು.

ಮಲ್ಲಯ್ಯನವರು ಭೀಮವ್ವನ ಕಡೆ ತಿರುಗಿದರು. ಧೂಳು ಹೊಡೆಯಲೆಂದೇ ನಿನ್ನನ್ನು ಒಳಗಿಟ್ಟದ್ದು, ನಾಳೆಯಿಂದ ಮತ್ತೆ ತೌಡಿನ ಕಣಕ್ಕೆ ನಡೆ ಎಂದುಬಿಟ್ಟರು. ಸತ್ತಾರ್ ಸಾಬ್ ತಲೆ ತಗ್ಗಿಸಿ ವೈರನ್ನು ಉಜ್ಜತೊಡಗಿದರು. ಬಾಗಿಲಲ್ಲಿ ಇಮಾಮ್ ಬೀಯ ಕಸಬರಿಗೆ ನಿಂತಿತು.

ಭೀಮವ್ವನಿಗೆ ಕೆಮ್ಮು ನೆನಪಾಯಿತು. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಧೂಳಲ್ರಿ ಅಪ್ಪೋರ" ಎಂದಳು. ತನ್ನ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನೀವು ಸೋಮಾರ ಹಚ್ಚೂ ಈಬತ್ತಿ."

ಮಲ್ಲಯ್ಯನವರು ಎದ್ದು ಬಂದು ಕುಣಿಯೊಳಗೆ ಬಗ್ಗಿ ನೋಡಿದರು. ಅಲ್ಲಿ ಉಳಿದಿದ್ದ ಬಿಳಿಯದನ್ನು ಬೆರಳ ತುದಿಗೆ ತೆಗೆದುಕೊಂಡು ಮೂಸಿದರು. ಅದನ್ನು ಕೆಳಗೆ ಒದರಲು ಮನಸ್ಸಾಗದೆ ತಮ್ಮ ಹಣೆಗೇ ಒರೆಸಿಕೊಂಡರು.

"ನಿನಗೂ ಗೊತ್ತಾಗಿತ್ತೇನಲೇ ಸತ್ತಾರ?"

"ನಿಮ್ಮ ದೇವ್ರ ತಂಟೆ ನನಗ ಯಾಕ ಬೇಕ್ರಿ" ಎಂದು ಸತ್ತಾರ್ ಸಾಬ್ ತಿರುಪು ಬಿಗಿದು ಕರೆಂಟು ಕೊಟ್ಟರು.

ಆರನೆಯ ದೀಪ ಹತ್ತಿತು. ಟಕ್. ಹೊರಗೆ ಉಗಿ ಬುಸ್ಸೆಂದಿತು. ಇಮಾಮ್ ಬೀ ಬಾಗಿಲಲ್ಲೇ ಕೂತು, ಓಢಣಿಯಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. ಮಲ್ಲಯ್ಯನವರು ಸಿಟ್ಟು ಮಾಡಿಕೊಳ್ಳಲು ನೋಡಿ, ಆಗದೆ ಹೊರಗೆ ಹೋದರು. ತೌಡಿನ ಕಣದ ಮಾತು ಮತ್ತೆ ಬರಲಿಲ್ಲ.

ಮುಂದಿನ ಸೋಮವಾರ ಜಳಕ ಮಾಡಿ, ಹಿತ್ತಾಳೆ ಬಟ್ಟಲು ಹಿಡಿದು ಬಂದವರು ಪ್ಯಾನೆಲ್ ಕೋಣೆಯ ಹೊಸ್ತಿಲಲ್ಲಿ ನಿಂತರು.

"ಎಲ್ಲಿ ಹಚ್ಚಲಿ ಹೇಳವ್ವಾ."

ಭೀಮವ್ವ ಬೀರುವಿನ ಬಾಗಿಲನ್ನು ಮುಚ್ಚಿದಳು. ಬೂದು ಬಣ್ಣದ ಕಬ್ಬಿಣವನ್ನು ಬಟ್ಟೆಯಿಂದ ಒಮ್ಮೆ ಒರೆಸಿ, ಪಕ್ಕಕ್ಕೆ ಸರಿದಳು. ಮೂರು ಬೆರಳು ಅದರ ಮೇಲೆ ಗೆರೆ ಎಳೆದವು. ಕೆಳಗಿನ ಗೆರೆಯಿಂದ ಒಂದು ಬಿಳಿ ಹನಿ ಇಳಿದು, ಅರ್ಧ ದಾರಿಯಲ್ಲೇ ಒಣಗಿ ನಿಂತಿತು. ಒಳಗೆ ಟಕ್ ಎಂದಿತು.