ಕಂಸದೊಳಗಿನ ಪದ

ಶವಪೆಟ್ಟಿಗೆಯನ್ನು ನಾಲ್ಕನೆಯ ಮಹಡಿಯಿಂದ ನಾನೊಬ್ಬನೇ ಇಳಿಸುತ್ತಿದ್ದೆ. ಉಳಿದವರು ಮರ್ಯಾದೆಗೆಂದು ಕೈ ತಾಗಿಸಿದ್ದರು, ಅಷ್ಟೆ. ಎಡಗೈಯಲ್ಲಿ ಪೆಟ್ಟಿಗೆ, ಬಲಗೈ ಖಾಲಿ ಇತ್ತಲ್ಲ ಎಂದು ಅದರಲ್ಲಿ ಮೂಗು ಒರೆಸಿಕೊಂಡೆ. ನಂಬದಿದ್ದರೆ ಬಿಡಿ. ದೇಶದೇಶಗಳು ಕೂಡುವ ಸಭಾಭವನದ ಮೈಕುಗಳನ್ನು ಆಳಿದ ಕೈ ಇದು. ಭೂಮಂಡಲದ ಅಷ್ಟೂ ರಾಯಭಾರಿಗಳ ಬಾಯಿ ನನ್ನ ಹೆಬ್ಬೆರಳ ಕೆಳಗಿತ್ತು. ಗುಂಡಿ ಒತ್ತಿದರೆ ಒಂದು ದೇಶ ಮಾತಾಡುತ್ತಿತ್ತು, ಬಿಟ್ಟರೆ ಮೂಕವಾಗುತ್ತಿತ್ತು. ಒಮ್ಮೆ ಸರಿಯಾದ ಗಳಿಗೆಯಲ್ಲಿ ಕೆಮ್ಮಿ ಒಂದು ಯುದ್ಧವನ್ನೇ ನಿಲ್ಲಿಸಿದ್ದೇನೆ. ಇಷ್ಟೆಲ್ಲ ಕಂಡೂ ಕಚೇರಿಯವರು ನನಗಿಟ್ಟ ಹೆಸರು ಬುರುಡೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ಎರಡನೆಯ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ನಿಂತಿತು. ತಪ್ಪು ತಿರುವಿನದಲ್ಲ. ಕೆಳಗಿನ ಮೆಟ್ಟಿಲಲ್ಲಿ ಸತ್ತವನ ಅಕ್ಕ ಅಡ್ಡ ನಿಂತಿದ್ದರು. ಬೆಳಗಿನ ರೈಲಿಗೆ ಬಂದವರು, ಇನ್ನೂ ಕೋಟು ಬಿಚ್ಚಿರಲಿಲ್ಲ. ಕೈಯಲ್ಲಿ ಒಂದು ಮರದ ಬೋರ್ಡು; ಕಲ್ಲು ಸಿದ್ಧವಾಗುವ ತನಕ ಗೋರಿಯ ತಲೆಯ ಬಳಿ ನೆಡುವಂಥದ್ದು. ಬೋರ್ಡು ಬರೆಯುವವನು ಬಣ್ಣದ ಡಬ್ಬಿ ಹಿಡಿದುಕೊಂಡು ಅವರ ಬೆನ್ನ ಹಿಂದೆ ತಪ್ಪಿತಸ್ಥನಂತೆ ನಿಂತಿದ್ದ. ಬೋರ್ಡಿನಲ್ಲಿ ಸತ್ತವನ ಹೆಸರು, ಅದರ ಕೆಳಗೆ ಎರಡೇ ಪದ: ತಮ್ಮ, ಗಂಡ. ಕರಡು ನನ್ನದು. ಇದಕ್ಕಿಂತ ಚೊಕ್ಕವಾದ ಕರಡನ್ನು ಜಗತ್ತಿನ ಯಾವ ರಾಷ್ಟ್ರವೂ ಮಂಡಿಸಿಲ್ಲ.

“ಈ ಎರಡನೇ ಪದ ಯಾರು ಬರೆಸಿದ್ದು?” ಅಕ್ಕ ಕೇಳಿದರು. “ಇವನಿಗೆ ಮದುವೆ ಯಾವಾಗ ಆಯ್ತು?”

ನಮ್ಮ ಹಿಂದೆ, ಮೇಲಿನ ಮೆಟ್ಟಿಲಲ್ಲಿ, ದುಭಾಷಿ ನಿಂತಿದ್ದಳು. ಸತ್ತವನ ಜೊತೆ ಆ ನಾಲ್ಕನೆಯ ಮಹಡಿಯಲ್ಲಿ ಬಾಳಿದವಳು. ಗಾಜಿನ ಗೂಡಿನಲ್ಲಿ ಕೂತು ಕಂಡವರ ಜಗಳವನ್ನೆಲ್ಲ ಇನ್ನೊಂದು ಭಾಷೆಯಲ್ಲಿ ಅರಳು ಹುರಿದಂತೆ ಹೇಳುವವಳು, ಈಗ ತುಟಿ ಕಚ್ಚಿಕೊಂಡು ಕಂಬಿ ಹಿಡಿದಿದ್ದಳು.

ತಾಯಿಯಿಲ್ಲದ ಹುಡುಗನನ್ನು ಎತ್ತಿ ಆಡಿಸಿದವಳು ತಾನು, ತನ್ನನ್ನು ಕರೆಯದೆ ಮದುವೆಯಾದ ಎಂದು ನಾಲ್ಕು ಜನರ ಮುಂದೆ ಮರದ ಮೇಲೆ ಬರೆಸಿ ನೆಡುವಿರಾ ಎಂದು ಅಕ್ಕ ಕೇಳಿದರು. ಮದುವೆಯಾಗಿಲ್ಲದಿದ್ದರೆ ಆ ಪದ ಸುಳ್ಳು. ಆಗಿದ್ದರೆ ಅದು ತನ್ನ ಕೆನ್ನೆಗೆ ಹೊಡೆದದ್ದು.

“ಅದನ್ನ ಹೊಡೆದುಹಾಕಿ. ಅಲ್ಲೀವರೆಗೆ ಪೆಟ್ಟಿಗೆ ಇಳಿಯಲ್ಲ.”

*

ಅವನನ್ನು ನಾವೆಲ್ಲ ಕಂಸ ಎನ್ನುತ್ತಿದ್ದೆವು. ಪುರಾಣದವನಲ್ಲ, ಇವನು ಇರುವೆಯನ್ನು ಕಂಡರೆ ಕಾಲು ಎತ್ತಿ ನಡೆದವನು. ಶಾಲೆಯಲ್ಲಿ ಆವರಣ ಚಿಹ್ನೆ ಎಂದು ಕಲಿತಿದ್ದೆವಲ್ಲ, ಪದದ ಆಚೆ ಈಚೆ ಗೋಡೆಯ ಹಾಗೆ ನಿಲ್ಲುವ ಗೆರೆಗಳು, ಆ ಕಂಸ. ದೇಶಗಳು ಸೇರಿ ನಿರ್ಣಯದ ಕರಡು ತಯಾರಿಸುವಾಗ ಯಾವ ಪದಕ್ಕೆ ಯಾರು ಆಕ್ಷೇಪ ಎತ್ತಿದರೂ ಅದನ್ನು ಚೌಕ ಕಂಸದೊಳಗೆ ಕೂಡಿಹಾಕಬೇಕು. ಅಳಿಸುವಂತಿಲ್ಲ, ಒಪ್ಪಿದಂತೆಯೂ ಅಲ್ಲ. ಆಕ್ಷೇಪ ಹಿಂದಕ್ಕೆ ಹೋದ ದಿನ ಕಂಸ ತೆಗೆಯಬೇಕು. ಹಾಕುವುದು, ತೆಗೆಯುವುದು: ಅವನ ಉದ್ಯೋಗ ಇಷ್ಟೇ.

ಎರಡು ದೇಶಗಳ ನಡುವಿನ ಒಂದು ನದಿಯ ಕರಡು ನೆನಪಿದೆ. ಸಭೆ ‘ಖಂಡಿಸುತ್ತದೆ’ ಎಂದು ಒಬ್ಬರು ಬರೆಸಿದರು. ‘ವಿಷಾದಿಸುತ್ತದೆ’ ಸಾಕು ಎಂದು ಇನ್ನೊಬ್ಬರು. ‘ಗಮನಿಸುತ್ತದೆ’ ಎಂದರೂ ಹೆಚ್ಚಾಯಿತು ಎಂದು ಮೂರನೆಯವರು. ಒಂದು ಅಲ್ಪವಿರಾಮ ತಮ್ಮ ದೇಶದ ಮಾನ ಕಳೆಯುತ್ತದೆ ಎಂದು ಒಬ್ಬರು ಮೇಜು ಗುದ್ದಿದ ರಭಸಕ್ಕೆ ನನ್ನ ಮೈಕು ಮೂರು ದಿನ ಕಿವುಡಾಗಿತ್ತು. ಸಂಜೆಯ ಹೊತ್ತಿಗೆ ಆ ಹಾಳೆಯಲ್ಲಿ ಕಂಸವಿಲ್ಲದೆ ಉಳಿದ ಪದ ‘ಮತ್ತು’ ಒಂದೇ.

ಹರಿದು ಬಿಸಾಕು ಎಂದೆ. ಅವನು ಕನ್ನಡಕ ಒರೆಸುತ್ತ ಹೇಳಿದ: “ಹೊಡೆದುಹಾಕಿದ ಪದದ ಬಗ್ಗೆ ಆಮೇಲೆ ಯಾರೂ ಮಾತಾಡಲ್ಲ ಬುರುಡೆ. ಕಂಸದಲ್ಲಿದ್ರೆ ನಾಳೆ ಮತ್ತೆ ಅದರ ಮುಂದೆ ಬಂದು ಕೂತ್ಕೋತಾರೆ.”

ಒಂದು ಕಂಸ ತೆಗೆದ ದಿನ ಅವನು ಹೆಣ್ಣು ಗೊತ್ತಾದ ಹುಡುಗನ ಹಾಗೆ ಓಡಾಡುತ್ತಿದ್ದ. ಇಡೀ ಕಚೇರಿಗೆ ಕಾಫಿ ಕೊಡಿಸುತ್ತಿದ್ದ.

*

ಮೆಟ್ಟಿಲಲ್ಲಿ ಹೊತ್ತವರೆಲ್ಲ ಏದುಸಿರು ಬಿಡತೊಡಗಿದ್ದರು, ನನ್ನೊಬ್ಬನನ್ನು ಬಿಟ್ಟು. ಕೆಳಗೆ ಬೀದಿಯಲ್ಲಿ ಬಂಡಿಯವನು ಹಾರ್ನ್ ಒತ್ತಿದ. ಹೊತ್ತವರಲ್ಲಿ ಒಬ್ಬ ಹೆಗಲು ಬದಲಿಸಿದಾಗ ಪೆಟ್ಟಿಗೆ ವಾಲಿತು. ಇನ್ನು ತಡೆಯಲಾಗದೆ ನಾನು ಬಾಯಿ ಹಾಕಿದೆ.

“ಮದುವೆ ಆಗಿತ್ತು ಅಕ್ಕ. ನಾನೇ ಸಾಕ್ಷಿ.”

ಹೊರಟ ಮೇಲೆ ನನ್ನ ನಾಲಿಗೆ ನಡುದಾರಿಯಲ್ಲಿ ನಿಲ್ಲುವಂಥದ್ದಲ್ಲ. ಎಲ್ಲ ಖಂಡಗಳ ರಾಯಭಾರಿಗಳೂ ಬಂದಿದ್ದರು ಎಂದೆ. ಆ ನದಿಯ ಎರಡು ದೇಶದವರೂ ಒಂದೇ ತಟ್ಟೆಯಲ್ಲಿ ಉಂಡರು ಎಂದೆ. ಒಬ್ಬರು ಮರಳುಗಾಡಿನಿಂದ ಒಂಟೆಯನ್ನೂ ಕರೆತಂದಿದ್ದರು, ಲಿಫ್ಟಿನಲ್ಲಿ ಹಿಡಿಸದೆ ಅದು ಕೆಳಗೇ ನಿಂತು ಹರಸಿತು ಎಂದೆ. ಗೆದ್ದೆ ಅಂದುಕೊಂಡು ಅಕ್ಕನ ಮುಖ ನೋಡಿದೆ. ಅವರು ಬೋರ್ಡನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಒಂಟೆಗೂ ಹೇಳಿದ್ದ,” ಎಂದರು. “ನನಗೆ ಹೇಳ್ಲಿಲ್ಲ.”

ಯಾರಿಗೂ ನಗು ಬರಲಿಲ್ಲ. ನನ್ನ ಜೀವಮಾನದಲ್ಲೇ ಮೊದಲ ಬಾರಿ ನನ್ನ ಮೈಕನ್ನು ಯಾರಾದರೂ ಆರಿಸಲಿ ಎನಿಸಿತು.

“ಆಕ್ಷೇಪ,” ಎಂಬ ದನಿ ಮೇಲಿನಿಂದ ಬಂತು. ದುಭಾಷಿ ಪೆಟ್ಟಿಗೆಯ ಪಕ್ಕದಲ್ಲಿ ನುಸುಳಿಕೊಂಡು ಇಳಿದು ಬಂದು ಅಕ್ಕನ ಮೇಲಿನ ಮೆಟ್ಟಿಲಲ್ಲಿ ಕೂತಳು. “ಇದು ಬುರುಡೆಯಣ್ಣನ ಬುರುಡೆ. ಮದುವೆ ಆಗಿಲ್ಲ ಅಕ್ಕ. ಅವ್ರು ಕೇಳ್ತಾನೇ ಇದ್ರು. ಬೇಡ ಅಂತಿದ್ದವಳು ನಾನು.”

*

ಸಭೆಯಲ್ಲಿ ಒಂದು ಪದ್ಧತಿ ಇದೆ. ಕರಡನ್ನು ಹಂಚಿ ಒಂದು ಗಡುವು ಕೊಡುತ್ತಾರೆ. ಅಷ್ಟರೊಳಗೆ ಯಾರೂ ತುಟಿ ಬಿಚ್ಚದಿದ್ದರೆ ಅದು ಅಂಗೀಕಾರವಾದಂತೆ. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರು ಪುಕ್ಕಟೆ ಹೇಳಿದ್ದಕ್ಕೆ ಇವರು ಮೊಹರು ಒತ್ತಿದ್ದಾರೆ.

ಕಂಸ ಆ ಪದ್ಧತಿಯನ್ನು ಮನೆಗೆ ತಂದಿದ್ದ. ಅವರಿಬ್ಬರೂ ಒಂದೇ ಸೂರಿನಡಿ ಬಂದ ದಿನ ಪ್ರತಿ ವರ್ಷ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. “ನಾವು ಮದುವೆಯಾಗತಕ್ಕದ್ದು. ಸಂಜೆ ಆರರೊಳಗೆ ಆಕ್ಷೇಪ ಬರದಿದ್ದರೆ ಅಂಗೀಕಾರ.” ಅವಳು ದಿನವಿಡೀ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವನು ಗಡಿಯಾರ ನೋಡುವುದು, ಕಿಟಕಿಗೆ ಹೋಗುವುದು, ಚಮಚ ಬೀಳಿಸುವುದು. ಇನ್ನೇನು ಆರು ಹೊಡೆಯಬೇಕು, ಬಚ್ಚಲಿನಿಂದಲೋ ಮಂಚದ ಅಡಿಯಿಂದಲೋ ಅವಳ ದನಿ: ಆಕ್ಷೇಪ. “ದಾಖಲಾಯಿತು,” ಎಂದು ಗಂಭೀರವಾಗಿ ಹೇಳಿ ಅವನು ಈರುಳ್ಳಿ ಹೆಚ್ಚಲು ಕೂರುತ್ತಿದ್ದ. ಅವಳು ಹಿಂದೊಮ್ಮೆ ಮದುವೆಯಾಗಿ ಕೈ ಸುಟ್ಟುಕೊಂಡವಳು. ಹಾಲಲ್ಲಿ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅದು ಅವನಿಗೂ ಗೊತ್ತಿತ್ತು.

ಈ ವರ್ಷದ ಆ ದಿನ ಮೊನ್ನೆ ಬಂದಿತ್ತು. ಬೆಳಿಗ್ಗೆ ಕರಡು ಮಂಡಿಸಿದ್ದ. ಮಧ್ಯಾಹ್ನ ಕುರ್ಚಿಯಲ್ಲಿ ಒರಗಿದವನು ಏಳಲಿಲ್ಲ.

“ಈ ಸಲ ಸುಮ್ನೆ ಇದ್ದುಬಿಡೋಣ ಅಂದ್ಕೊಂಡಿದ್ದೆ,” ಎಂದಳು ದುಭಾಷಿ. “ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದಾಗ ಆರು ಹೊಡೀತು. ನಾನು ಬಾಯಿ ಬಿಡ್ಲಿಲ್ಲ ಅಕ್ಕ. ಆದ್ರೆ ಕೇಳಿದವರೇ ಇರ್ಲಿಲ್ಲ. ಅದು ಒಪ್ಪಿಗೆಯೋ ಅಲ್ವೋ, ನಂಗೆ ತಿಳೀತಿಲ್ಲ. ಆ ಪದ ಹೊಡೆದುಹಾಕ್ಬೇಡಿ. ಕಂಸದಲ್ಲಿ ಹಾಕ್ಸಿ.”

*

ಹಾಗೆಂದರೇನು ಎಂದು ಅಕ್ಕ ನನ್ನನ್ನು ಕೇಳಿದರು. ಇನ್ನೂ ತೀರ್ಮಾನ ಆಗಿಲ್ಲ ಅಂತ, ಎಂದೆ. ಅಷ್ಟು ಚಿಕ್ಕ ವಾಕ್ಯ ನನ್ನ ಬಾಯಿಂದ ಅದಕ್ಕೆ ಮುಂಚೆ ಹೊರಟಿರಲಿಲ್ಲ. ಅವರು ಸ್ವಲ್ಪ ಹೊತ್ತು ಬೋರ್ಡು ನೋಡಿ, ಗೋಡೆಯ ಕಡೆಗೆ ಸರಿದು ದಾರಿ ಬಿಟ್ಟರು. ಬೋರ್ಡು ಬರೆಯುವವನು ಅಲ್ಲೇ ಕುಕ್ಕುರುಗಾಲಲ್ಲಿ ಕೂತು ‘ಗಂಡ’ದ ಆಚೆ ಒಂದು, ಈಚೆ ಒಂದು ಕಪ್ಪು ಕಂಸ ಎಳೆದ. ಪೆಟ್ಟಿಗೆ ಮುಂದೆ ಹೋಯಿತು. ಹಸಿ ಬೋರ್ಡು ಯಾರ ಕೈಗೆ ಹೋಯಿತು ಎಂಬುದು ಮುಖ್ಯವಲ್ಲ.

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಮಣ್ಣು ಹಾಕಿ ಮುಗಿಸಿದರು. ಬೋರ್ಡು ನೆಟ್ಟು ಎಲ್ಲರೂ ಹಿಂದೆ ಸರಿದಾಗ ಮೊದಲು ಕಂಡದ್ದು ಬೋರ್ಡು ಬರೆಯುವವನಿಗೆ. ‘ಗಂಡ’ದ ಅಕ್ಕಪಕ್ಕ ಕಂಸಗಳಿರಲಿಲ್ಲ. ಒಂದಿಷ್ಟು ಮಸಿ ಉಜ್ಜಿದ ಗುರುತು ಮಾತ್ರ. ಇದು ರಾಜತಂತ್ರ, ಬೇಕೆಂದೇ ನಾನು ತೆಗೆಸಿದೆ ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಡಬ್ಬಿಯ ಮುಚ್ಚಳ ತೆರೆದು ಬ್ರಷ್ಷು ಅದ್ದಿದ. ಅಕ್ಕ ಅವನ ಮಣಿಕಟ್ಟು ಹಿಡಿದರು.

“ಅಲ್ಲಿ ಬೇಡ. ಇಲ್ಲಿ ಹಾಕು.” ಅವರ ಬೆರಳು ‘ತಮ್ಮ’ದ ಮೇಲಿತ್ತು. “ಇವಳ ಮನೆಗೆ ಹೋದ ಅಂತ ನಾನು ಅವನ ಫೋನ್ ಎತ್ತೋದು ಬಿಟ್ಟಿದ್ದೆ. ಹೇಳ್ಲಿಲ್ಲ ಅಂತ ಬೆಳಗಿಂದ ಕೂಗಾಡ್ತಿದ್ದೀನಿ. ಹೇಳೋಕೆ ಬಿಟ್ಟಿದ್ನಾ ನಾನು.”

ಬ್ರಷ್ಷು ಮರಕ್ಕೆ ಇನ್ನೇನು ತಾಗಬೇಕು.

“ಆಕ್ಷೇಪ,” ಎಂದಳು ದುಭಾಷಿ.

ಬೋರ್ಡು ಬರೆಯುವವನು ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. ಅಕ್ಕ ಏನೂ ಹೇಳಲಿಲ್ಲ. ಯಾರೂ ಏನೂ ಹೇಳಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು ಮುಚ್ಚಳ ಒತ್ತಿದ.

ಗೇಟಿನ ಹತ್ತಿರ ಮನಸ್ಸು ಹಗುರ ಮಾಡೋಣವೆಂದು ನಾನು ಅಕ್ಕನಿಗೆ ಆ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಇಳಿಸಿದ ಕತೆ ಶುರು ಮಾಡಿದೆ. ದುಭಾಷಿ ಹಿಂದಿನಿಂದ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹೊತ್ತವರ ಅಂಗಿ ಎಲ್ಲಾ ಹೆಗಲ ಹತ್ರ ಕೊಳೆಯಾಗಿದೆ ಬುರುಡೆಯಣ್ಣ. ನಿಮ್ದು ಎದೆ ಹತ್ರ ಯಾಕೆ?”

ನಾನು ಬಾಯಿ ತೆರೆದೆ. ಒಂದು ಒಂಟೆಯೂ ಬರಲಿಲ್ಲ.

“ಹೊರಲಿಲ್ಲ ಕಣಮ್ಮ,” ಎಂದೆ. ನಾಲ್ಕನೆಯ ಮಹಡಿಯಿಂದಿರಲಿ, ಮೊದಲನೆಯದರಿಂದಲೂ ಹೊತ್ತಿರಲಿಲ್ಲ. ನಿಮ್ಮಿಂದಾಗಲ್ಲ, ನೀವು ಹಿಂದೆ ಬನ್ನಿ ಎಂದಿದ್ದರು. ಎಲ್ಲರೂ ಬೀದಿಗೆ ಇಳಿದ ಮೇಲೆ ನಾನು ಖಾಲಿ ಮೆಟ್ಟಿಲ ಮೇಲೆ ಕೂತು, ಹಸಿ ಬಣ್ಣ ಎಂಬುದನ್ನೂ ಮರೆತು, ಆ ಬೋರ್ಡನ್ನು ಅಪ್ಪಿಕೊಂಡು ಅತ್ತೆ.

ಬಗ್ಗಿ ನೋಡಿಕೊಂಡೆ. ಬಿಳಿ ಅಂಗಿಯ ಮೇಲೆ, ಎದೆಯ ಜೇಬಿನ ಆಚೆ ಒಂದು, ಈಚೆ ಒಂದು, ಕಪ್ಪು ಕಂಸ ಅಂಟಿತ್ತು. ನಡುವೆ ಪದವಿರಲಿಲ್ಲ.