ಬಾತುಕೋಳಿಗೆ ಹುಷಾರಿಲ್ಲ

ಕೇಕಿನಂಗಡಿಯ ಸೊಸೆಗೆ ಸಕ್ಕರೆ ಕಾಯಿಲೆ ಬಂದರೆ ಬೀದಿಗೆಲ್ಲ ನಗು, ಸೊಸೆಗೆ ಮಾತ್ರ ಸಂಕಟ. ನನಗೆ ಬಂದದ್ದು ಬಸುರಿನ ಏಳನೇ ತಿಂಗಳಲ್ಲಿ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗಿಬಿಡುತ್ತದೆ, ಅಲ್ಲಿಯವರೆಗೆ ಸಿಹಿ ಮುಟ್ಟಬೇಡಿ ಎಂದರು ಡಾಕ್ಟರು. ಹೇಳುವುದು ಸುಲಭ. ನಮ್ಮ ಮನೆ ಇರುವುದೇ ಅಂಗಡಿಯ ಮೇಲೆ. ಬೆಳಗ್ಗೆ ಐದಕ್ಕೆ ಕೆಳಗೆ ಓವನ್ ಹೊತ್ತಿಸಿದರೆ ಬೆಣ್ಣೆ, ಸಕ್ಕರೆಯ ವಾಸನೆ ಮೆಟ್ಟಿಲು ಹತ್ತಿ ಸೀದಾ ನನ್ನ ಮೂಗಿಗೇ ಬರುತ್ತದೆ. ನಾನು ಬೇಯಿಸಿದ ಮೊಟ್ಟೆ, ಸೌತೆಕಾಯಿ ಮುಂದಿಟ್ಟುಕೊಂಡು ಇಡೀ ಜಗತ್ತಿಗೆ ಶಾಪ ಹಾಕುತ್ತಾ ಕೂತಿರುತ್ತಿದ್ದೆ.

ಅಂಗಡಿ ಮಾವನದು. ಅತ್ತೆ ತೀರಿಕೊಂಡು ಎಂಟು ವರ್ಷವಾಯಿತು. ಮನೆಯಲ್ಲಿ ನಾವು ಮೂವರೇ. ಮಾವನದು ಮಾತು ಕಡಿಮೆ, ಚೀಟಿ ಜಾಸ್ತಿ. ಹಿಂದೆ ಒಮ್ಮೆ ಯಾರೋ ಮದುವೆಯ ಕೇಕಿಗೆ ಸಕ್ಕರೆ ಬದಲು ಉಪ್ಪು ಸುರಿದಿದ್ದರಂತೆ. ಆ ಯಾರೋ ನನ್ನ ಗಂಡನೇ, ಆದರೆ ಅವನು ಇವತ್ತಿಗೂ ಒಪ್ಪುವುದಿಲ್ಲ. ಅಂದಿನಿಂದ ಚೀಟಿ ಅಂಟಿಸದ ಡಬ್ಬ ನಮ್ಮ ಅಂಗಡಿಯಲ್ಲಿ ಇರುವಂತಿಲ್ಲ. ಉಪ್ಪಿನ ಡಬ್ಬದ ಮೇಲೆ ದಪ್ಪಗೆ 'ಉಪ್ಪು' ಎಂದಿದೆ, ಅದರ ಕೆಳಗೆ ಸಣ್ಣದಾಗಿ 'ಸಕ್ಕರೆ ಅಲ್ಲ'. ಸೋಡಾ ಡಬ್ಬದ ಮೇಲೆ 'ಮೈದಾ ಅಲ್ಲ'. ಫ್ರೀಜರಿನೊಳಗೆ ಹೋಗುವ ಪ್ರತಿಯೊಂದಕ್ಕೂ ಬಣ್ಣ ಮತ್ತು ತಾರೀಖು ಬರೆಯಲೇಬೇಕು.

ಗಂಡ ಬ್ರೆಡ್ಡಿನ ಹಿಟ್ಟು ನಾದುತ್ತಾನೆ. ಕೇಕಿಗೆ ಅಲಂಕಾರ ಮಾಡುವುದು ನಾನು. ಗೊಂಬೆಯ ಕಣ್ಣು, ಹೂವಿನ ಕುಸುರಿಗೆ ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಬಣ್ಣದ ಕ್ರೀಮ್ ತುಂಬಿಕೊಳ್ಳುವುದು ನಾನೇ ಕಂಡುಹಿಡಿದ ಉಪಾಯ. ಮಿಕ್ಕಿದ್ದನ್ನು ಸಿರಿಂಜಿನ ಸಮೇತ ಫ್ರೀಜರಿಗೆ ಹಾಕುತ್ತೇವೆ. ಎಂಟನೇ ತಿಂಗಳಲ್ಲಿ ನನ್ನ ಹೊಟ್ಟೆ ನನಗಿಂತ ಮೊದಲೇ ಟೇಬಲ್ಲಿಗೆ ತಲುಪಿ ಒಂದು ಸಕ್ಕರೆ ಗುಲಾಬಿಯನ್ನು ಕೆಡವಿತು. ಅವತ್ತಿನಿಂದ ಅಲಂಕಾರವೂ ಮಾವನ ಪಾಲಿಗೆ ಬಂತು.

ಪ್ರತಿ ಗುರುವಾರ ಆಸ್ಪತ್ರೆಯಲ್ಲಿ ಬಸುರಿಯರಿಗೆ ಪಾಠ. ಹೇಳಿಕೊಡುವ ಸಿಸ್ಟರು ಗಟ್ಟಿಗಿತ್ತಿ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಮಗು, ಒಂದು ಉಣ್ಣೆಯಲ್ಲಿ ಹೆಣೆದ ಮೊಲೆ. ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸುವುದು, ನೋವು ಬಂದಾಗ ಉಸಿರು ಹಿಡಿಯದೆ ಉದ್ದಕ್ಕೆ ಬಿಡುವುದು, ಎಲ್ಲ ಹೇಳಿಕೊಟ್ಟರು. ಆಮೇಲೆ, ಹೆರಿಗೆಯಲ್ಲಿ ಚರ್ಮ ಹರಿಯುವುದು ಕಡಿಮೆಯಾಗಲಿ ಎಂದು ಕೊನೆಯ ವಾರಗಳಲ್ಲಿ ಕೆಳಗಿನ ಜಾಗಕ್ಕೆ ಎಣ್ಣೆ ಹಚ್ಚಿ ಮೃದುವಾಗಿ ಒತ್ತಿ ಸಡಿಲಿಸುವುದು ಹೇಗೆಂದು ಶುರು ಮಾಡಿದರು. ಇದ್ದಬದ್ದ ಗಂಡಂದಿರೆಲ್ಲ ಫ್ಯಾನು ನೋಡತೊಡಗಿದರು. ನನ್ನವನು ಒಬ್ಬನೇ ಕೈ ಎತ್ತಿದ.

"ಎಷ್ಟು ಹೊತ್ತು ನಾದ್ಬೇಕು ಸಿಸ್ಟರ್?"

"ನಾದೋದಲ್ಲಪ್ಪಾ! ನಾಲ್ಕೈದು ನಿಮಿಷ, ಮೆತ್ತಗೆ."

"ಹಿಟ್ಟೂ ಹಾಗೇ ಸಿಸ್ಟರ್. ಒಂದೇ ಸಲಕ್ಕೆ ಎಳೆದ್ರೆ ಹರಿದುಹೋಗುತ್ತೆ. ಕೈ ಬೆಚ್ಚಗಿರಬೇಕು, ಆತುರ ಮಾಡಬಾರದು."

ಸಿಸ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. "ಇಷ್ಟು ವರ್ಷದಲ್ಲಿ ಒಬ್ಬ ಗಂಡಸಿಗಾದ್ರೂ ಅರ್ಥ ಆಯ್ತಲ್ಲ!" ಎಂದರು. ಇವನು ಎದೆಯುಬ್ಬಿಸಿ ಕೂತ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪಾಠ ಮುಗಿದ ಮೇಲೆ ಸಿಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಸಕ್ಕರೆ ಇರೋ ತಾಯಂದಿರ ಮಗುಗೆ ಹುಟ್ಟಿದ ಮೇಲೆ ಮೈಯಲ್ಲಿ ಸಕ್ಕರೆ ಇಳೀಬಹುದು. ಆಗ ನಿನ್ನ ಮೊದಲ ಹಾಲು ಕೈಯಲ್ಲಿದ್ರೆ ಒಳ್ಳೇದು. ಡಾಕ್ಟರು ಒಪ್ಪಿದಾರೆ. ಮೂವತ್ತೇಳನೇ ವಾರ ಆಯ್ತಲ್ಲ, ಈಗಿಂದ ದಿನಾ ಕೈಯಲ್ಲಿ ಹಿಂಡಿ ಸಿರಿಂಜಲ್ಲಿ ತುಂಬಿ ಫ್ರೀಜರಲ್ಲಿಡು. ಹೊಟ್ಟೆ ಹಿಡಿದುಕೊಂಡ ಹಾಗಾದ್ರೆ ಮಾತ್ರ ನಿಲ್ಲಿಸಿ ನಮಗೆ ಫೋನ್ ಮಾಡು."

"ನನಗೆ ಹಾಲು ಬರಲ್ಲ ಸಿಸ್ಟರ್" ಎಂದೆ.

ಅಮ್ಮ ಫೋನಿನಲ್ಲಿ ಆ ಮಾತನ್ನು ಎಷ್ಟೋ ಸಲ ಹೇಳಿದ್ದಳು. "ನಮ್ಮ ಕಡೆ ಯಾರಿಗೂ ಹಾಲಿಲ್ಲ ಕಣೇ. ನಮ್ಮಮ್ಮನಿಗಿರಲಿಲ್ಲ, ನನಗಿರಲಿಲ್ಲ. ನೀನು ಡಬ್ಬಿ ಹಾಲಲ್ಲೇ ಬೆಳೆದೆ." ಬೆಳೆದದ್ದೇನೋ ಭರ್ಜರಿಯಾಗಿಯೇ ಬೆಳೆದಿದ್ದೇನೆ, ಡಬ್ಬಿ ಹಾಲಿನ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಮಗುವಿನ ಬಾಯಿ ನನ್ನ ಎದೆಗೆ ಬಂದು ಬರಿದೇ ಹೋದರೆ? ಈ ಹೆದರಿಕೆಯ ಮುಂದೆ ಹೆರಿಗೆ ನೋವಿನ ಹೆದರಿಕೆ ಏನೂ ಅಲ್ಲ.

ಮೊದಲ ದಿನ ಏನೂ ಬರಲಿಲ್ಲ. ಎರಡನೇ ದಿನ ಬೆವರಿನಷ್ಟು ಹೊಳೆಯಿತು. ಮೂರನೇ ದಿನ ಒಂದು ಹನಿ ಬಂತು, ದಟ್ಟ ಹಳದಿ. ನಾನು ಕೂಗಿದ ಕೂಗಿಗೆ ಗಂಡ ಹಿಟ್ಟಿನ ಕೈಯಲ್ಲೇ ಮೇಲೆ ಓಡಿಬಂದ. ಹನಿಹನಿಗೂಡಿದರೆ ಹಳ್ಳ ಅನ್ನುತ್ತಾರೆ. ನನ್ನದು ಒಂಬತ್ತು ದಿನಕ್ಕೆ ಆರು ಸಿರಿಂಜು, ಒಂದೂ ಪೂರ್ತಿ ತುಂಬಿರಲಿಲ್ಲ. ಮನೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಎಂದು ಅಂಗಡಿಯ ಫ್ರೀಜರಿನಲ್ಲೇ ಇಟ್ಟೆ. ಏನೆಂದು ಬರೆದು ಇಡಬೇಕಿತ್ತು. ಮಾವನ ಕಣ್ಣಿಗೆ ಬೀಳುವ ಜಾಗದಲ್ಲಿ ಆ ಮಾತು ಬರೆಯಲು ನನಗೆ ಕೈ ಬರಲಿಲ್ಲ. ಅಂಗಡಿಯ ಕಾನೂನಿನಂತೆ ಬಣ್ಣ ಮತ್ತು ತಾರೀಖು ಬರೆದೆ: 'ಹಳದಿ.'

ನನ್ನ ಬುದ್ಧಿಗೆ ನಾನೇ ಬೆಂಕಿ ಹಚ್ಚಬೇಕು.

ಶನಿವಾರ ಹನ್ನೊಂದು ಗಂಟೆಗೆ ಕೆಳಗಿಳಿದೆ. ಕೌಂಟರಿನ ಆಚೆ ಒಬ್ಬ ಹೆಂಗಸು ಮಗನ ಹುಟ್ಟುಹಬ್ಬದ ಕೇಕಿಗೆ ಕಾಯುತ್ತಿದ್ದಳು. ಈಚೆ ಮಾವ ಬಿಳಿ ಕ್ರೀಮಿನ ಬಾತುಕೋಳಿಯೊಂದರ ಮುಂದೆ ಬಗ್ಗಿ ನಿಂತಿದ್ದರು. ಬಾತುಕೋಳಿಗೆ ಚೆಂದದ ಹಳದಿ ಕೊಕ್ಕು ಬಂದಿತ್ತು, ಹಳದಿ ಕಾಲೂ ಬಂದಿತ್ತು. ಸಿಂಕಿನಲ್ಲಿ ಆರು ಖಾಲಿ ಸಿರಿಂಜುಗಳಿದ್ದವು.

"ಈ ಸಲದ ಹಳದಿ ಯಾಕೋ ನೀರು ನೀರು ಕಣಮ್ಮ" ಎಂದರು ಮಾವ. "ಸಕ್ಕರೆ ಪುಡಿ ಹಾಕಿ ಗಟ್ಟಿ ಮಾಡ್ಕೊಂಡೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಕೇಳಿದ್ದೆ. ನನ್ನ ಮಗುವಿನ ತುತ್ತು ಬಾತುಕೋಳಿಯ ಬಾಯಿಗೆ ಹೋಗಿತ್ತು.

"ಮಾವ, ಆ ಕೇಕ್ ಕೊಡ್ಬೇಡಿ."

"ಯಾಕಮ್ಮ?"

"ಅದು... ಹಳದಿ ಕೆಟ್ಟಿದೆ."

ಹಾಗೆಂದರೆ ಸಾಕು, ಮಾವನಿಗೆ ಅವಮಾನ. ಅವರ ಅಂಗಡಿಯಲ್ಲಿ ಕೆಟ್ಟ ಸಾಮಾನು ಇರುವುದುಂಟೇ? ಕೊಕ್ಕಿನ ತುದಿಗೆ ಬೆರಳಿಟ್ಟು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ ರುಚಿ ನೋಡಿದರು. "ಏನೂ ಕೆಟ್ಟಿಲ್ಲ. ಚೆನ್ನಾಗಿದೆ" ಎಂದರು. ಇನ್ನೊಂದು ಸಲ ಬೆರಳಿಡಲು ಹೋದರು.

"ಅಯ್ಯೋ ಬೇಡ ಮಾವ!"

ಹೇಳುವಂತಿಲ್ಲ, ಬಿಡುವಂತಿಲ್ಲ. ನಾನು ಗಂಡನ ತೋಳು ಹಿಡಿದು ಎಳೆದು, "ನೀನೇ ಹೇಳು" ಎಂದೆ. ಅವನು ಸಿಂಕು ನೋಡಿದ, ನನ್ನ ಮುಖ ನೋಡಿದ, ಅರ್ಥವಾಯಿತು. ಹೋಗಿ ಅಪ್ಪನ ಕಿವಿಯಲ್ಲಿ ಉಸುರಿದ. ಮಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಾತುಕೋಳಿಗಿಂತ ಬಿಳಿಯಾಯಿತು. ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ಕೌಂಟರಿನ ಕಡೆ ತಿರುಗಿದರು.

"ಒಂದರ್ಧ ಗಂಟೆ ಕೂತ್ಕೊಳ್ಳಿ ತಾಯಿ" ಎಂದರು. "ಬಾತುಕೋಳಿಗೆ ಹುಷಾರಿಲ್ಲ."

ಇನ್ನೊಂದು ಬಾತುಕೋಳಿ ಹುಟ್ಟಿತು, ಆ ಹೆಂಗಸು ಹೊರಟಳು. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಒಂಬತ್ತು ದಿನದ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮಾವನ ಮೇಲೆ ಸಿಟ್ಟು ಮಾಡೋಣವೆಂದರೆ, ಚೀಟಿ ಬರೆದವಳು ನಾನೇ.

ನಾಲ್ಕು ದಿನ ಮಾವ ನನ್ನೆದುರು ಬರಲಿಲ್ಲ. ನಾನು ಮೆಟ್ಟಿಲಿಳಿದರೆ ಅವರು ಉಗ್ರಾಣಕ್ಕೆ ನುಗ್ಗುವರು. ಆ ನಾಲ್ಕು ದಿನ ನನಗೆ ಒಂದು ಹನಿಯೂ ಬರಲಿಲ್ಲ. ಅಮ್ಮ ಹೇಳಿದ್ದೇ ಸರಿ, ಇದ್ದದ್ದೇ ಅಷ್ಟು ಎಂದು ತೀರ್ಮಾನ ಮಾಡಿಕೊಂಡು ಗುರುವಾರ ಸಿಸ್ಟರ ಮುಂದೆ ಕೂತೆ. ಬಾತುಕೋಳಿಯ ಕಥೆ ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕೈ ಹಿಡಿದು, "ಈಗ ಎಷ್ಟು ಬಂತು ಅನ್ನೋದಕ್ಕೂ ಮುಂದೆ ಎಷ್ಟು ಬರುತ್ತೆ ಅನ್ನೋದಕ್ಕೂ ಸಂಬಂಧ ಇಲ್ಲಮ್ಮ. ಬೆಚ್ಚಗಿನ ಬಟ್ಟೆ ಇಟ್ಕೋ. ನಿನ್ನಮ್ಮನ ಫೋನು ಎತ್ತಬೇಡ" ಎಂದರು.

ಮನೆಗೆ ಬಂದು ಫ್ರೀಜರು ತೆರೆದರೆ ಮೇಲಿನ ಖಾನೆ ಪೂರ್ತಿ ಖಾಲಿ. ಒರೆಸಿ ಚೊಕ್ಕಟ ಮಾಡಿದ್ದರು. ಅಂಚಿಗೆ ಮಾವನ ದುಂಡನೆಯ ಅಕ್ಷರದ ಚೀಟಿ: 'ಮಗುವಿನದು. ಯಾರೂ ಮುಟ್ಟಬಾರದು. ನಾನೂ ಸಹ.' ಕೆಳಗೆ ತಾರೀಖು. ನಾನು ಫ್ರೀಜರಿನ ಬಾಗಿಲು ಹಿಡಿದುಕೊಂಡು ನಕ್ಕೆ, ಸ್ವಲ್ಪ ಅತ್ತೆ.

ಮಾರನೆಯ ದಿನ ಹನಿ ಬಂತು. ಹತ್ತು ದಿನದಲ್ಲಿ ಐದು ಸಿರಿಂಜು ಆಯಿತು. ಈ ಸಲ ತಾರೀಖು ಮಾತ್ರ ಬರೆದೆ. ನಿಜ ಹೇಳಬೇಕೆಂದರೆ ನಾಚಿಕೆಯೊಂದೇ ಕಾರಣವಲ್ಲ. ಹಾಲು ಎಂದು ಬರೆದಿಟ್ಟು, ಕೊನೆಗೆ ಹಾಲೇ ಇಲ್ಲವೆಂದಾದರೆ ಯಾವ ಮುಖ ಇಟ್ಟುಕೊಂಡು ಆ ಚೀಟಿ ಕೀಳಲಿ?

ನೋವು ಶುರುವಾದದ್ದು ಬೆಳಗಿನ ಬ್ರೆಡ್ಡು ಓವನ್ನಿಗೆ ಹೋದ ಮೇಲೆ. ಆಸ್ಪತ್ರೆಯಲ್ಲಿ ಏಳು ಗಂಟೆ ಹೊತ್ತು ಗಂಡ ನನ್ನ ಸೊಂಟ ಒತ್ತಿದ. ಆ ಕೈಗಳನ್ನು ನಾನು ಇನ್ನು ಯಾವತ್ತೂ ಆಡಿಕೊಳ್ಳುವುದಿಲ್ಲ. ಮಗಳು ಹುಟ್ಟಿದಳು. ಬಿದ್ದದ್ದು ಎರಡೇ ಹೊಲಿಗೆ. ಎದೆಗೆ ಹಾಕಿಕೊಂಡೆ, ಬಾಯಿ ಹಾಕಿದಳು, ನಿದ್ದೆ ಹೋದಳು. ಎರಡನೇ ಸಲ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದ ಸಿಸ್ಟರ ಹುಬ್ಬು ಗಂಟಿಕ್ಕಿತು.

"ಸಕ್ಕರೆ ಇಳಿದಿದೆ. ಸಿರಿಂಜು ಎಲ್ಲಿ?"

ಗಡಿಬಿಡಿಯಲ್ಲಿ ಫ್ರೀಜರಿನಲ್ಲೇ ಬಿಟ್ಟು ಬಂದಿದ್ದೆವು. ಗಂಡ ಫೋನು ಮಾಡಿದ. ಹತ್ತೇ ನಿಮಿಷಕ್ಕೆ ಮಾವ ಏಪ್ರನ್ನಿನಲ್ಲೇ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕೇಕಿನ ಪೆಟ್ಟಿಗೆ, ಮೂರಂತಸ್ತಿನ ಕೇಕು ಹಿಡಿದಂತೆ ಚೂರೂ ಅಲುಗದ ಹಾಗೆ ಹಿಡಿದಿದ್ದರು. ಒಳಗೆ ಮಂಜುಗಡ್ಡೆ, ಅದರ ಮೇಲೆ ಐದು ಸಿರಿಂಜು. ಪೆಟ್ಟಿಗೆ ಕೊಟ್ಟವರೇ ಗೋಡೆಗೆ ಮುಖ ಮಾಡಿ ನಿಂತರು.

ಸಿಸ್ಟರು ಒಂದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಾ ಬೆಳಕಿಗೆ ಹಿಡಿದರು. ನನ್ನ ತಾರೀಖಿನ ಪಕ್ಕದಲ್ಲಿ ಹೊಸ ಚೀಟಿಯೊಂದು ಅಂಟಿತ್ತು. ಅವರು ಇಡೀ ವಾರ್ಡಿಗೆ ಕೇಳುವಂತೆ ಓದಿದರು.

"'ತಾಯಿ ಹಾಲು.' ಕೆಳಗೆ ಇನ್ನೂ ಏನೋ ಸಣ್ಣದಾಗಿ... 'ಹಳದಿ ಅಲ್ಲ.'"

ಐದಕ್ಕೂ ಅದನ್ನೇ ಬರೆದಿದ್ದರು. ನಾನು ಬರೆಯಲು ಹೆದರಿದ ಮಾತನ್ನು ಈ ಮಾತು ಕಡಿಮೆಯ ಮನುಷ್ಯ ಐದು ಸಲ ಬರೆದಿದ್ದರು. ಹೊಲಿಗೆ ಜಗ್ಗುವಷ್ಟು ನಗು ಬಂತು, ಜೊತೆಗೇ ಅಳುವೂ ಬಂತು. ಸಿಸ್ಟರು ಮಗಳ ಬಾಯಿಯ ಮೂಲೆಗೆ ಹನಿಹನಿಯಾಗಿ ಬಿಟ್ಟರು. ಅವಳು ಚಪ್ಪರಿಸಿದಳು, ಅಜ್ಜನ ಹಾಗೆಯೇ ಕಣ್ಣು ಮುಚ್ಚಿ. ಮೂರು ಸಿರಿಂಜು ಮುಗಿದ ಮೇಲೆ ಮತ್ತೆ ರಕ್ತ ನೋಡಿದರು. ಸಿಸ್ಟರ ಹುಬ್ಬು ಸಡಿಲವಾಯಿತು. ಆಮೇಲೆ ಮಗಳನ್ನು ಮತ್ತೆ ಎದೆಗೆ ಹಾಕಿದರು. ಈ ಸಲ ಗಟ್ಟಿಯಾಗಿ ಹಿಡಿದಳು. ಗುಟುಕು ಇಳಿಯುವ ಸದ್ದು ನನಗೆ ಕೇಳಿಸಿತು.

ಗೋಡೆಯ ಕಡೆಯಿಂದ ಮಾವ ಮೆಲ್ಲಗೆ ಕೇಳಿದರು. "ಸಾಕಾಯ್ತೇನಮ್ಮ?"

"ಸಾಕಾಯ್ತು ಮಾವ" ಎಂದೆ. "ಇನ್ನೂ ಇದೆ."