ಗೊರವಂಕದ ಕಾಲಿಗೆ ಸುತ್ತಿದ ಹರಕೆ

ಕೆಂಗೇರಿಯ ಹುಡುಗರು ವೃಷಭಾವತಿಯನ್ನು ಮೋರಿ ಅನ್ನುತ್ತಾರೆ. ಚಿಕ್ಕಲಕ್ಷ್ಮಮ್ಮ ಮಾತ್ರ ಇವತ್ತಿಗೂ ಹೊಳೆ ಅಂತಲೇ ಕರೆಯುತ್ತಾರೆ. ಅವರಪ್ಪನ ರಾಗಿ ಹೊಲ ಆ ದಡದಲ್ಲೇ ಇತ್ತು. ಮರಳಲ್ಲಿ ಕೈಯಿಂದ ಬಗೆದರೆ ಕುಡಿಯುವ ನೀರು ಬರುತ್ತಿತ್ತು, ಜೊಂಡಿನ ಸಂದಿಯಲ್ಲಿ ಹುಂಡುಕೋಳಿ ಕೂಗುತ್ತಿತ್ತು. ಆಮೇಲೆ ಹೊಲವೆಲ್ಲ ಸೈಟಾಯಿತು, ನೀರು ಕಪ್ಪಾಯಿತು. ಈಗ ದಡದಲ್ಲಿ ವಾಕಿಂಗ್ ದಾರಿ ಮಾಡಿದ್ದಾರೆ. ಅದರ ಪಕ್ಕ ಹಳೇ ಅರಳಿಕಟ್ಟೆಯೊಂದು ಹೇಗೋ ಉಳಿದುಕೊಂಡಿದೆ. ಅಲ್ಲಿ ಕೂತರೆ ಅವರಿಗೆ ತವರಿಗೆ ಹೋದಷ್ಟೇ ಸಂತೋಷ.

ಮಗಳು ಕುಸುಮಾ ಮದುವೆಯಾಗಿ ಬಹಳ ವರ್ಷದ ಮೇಲೆ ಬಸುರಿಯಾಗಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಹೆರಿಗೆ ಸುಸೂತ್ರವಾಗಲಿ ಎಂದು ಹರಕೆ ಹೊತ್ತು, ಸೋಮವಾರ ಸೋಮವಾರ ಅರಳಿಮರಕ್ಕೆ ಹಳದಿ ದಾರ ಸುತ್ತಿ ಬರುತ್ತಿದ್ದರು. ಅವರಮ್ಮನ ಕಾಲದಲ್ಲಿ ಅದು ಅರಿಶಿನದಲ್ಲಿ ಅದ್ದಿದ ಹತ್ತಿ ನೂಲು. ಈಗ ವಿಜಯನಗರದ ಮಾರ್ಕೆಟ್ಟಿನಿಂದ ತಂದ, ಮಿರಮಿರ ಮಿಂಚುವ ನೈಲಾನ್ ದಾರ.

ಪಕ್ಕದ ಮನೆಯ ಜ್ಯೋತಿಲಕ್ಷ್ಮಿ ದಿನಾ ಬೆಳಿಗ್ಗೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಅದೇ ದಾರಿಯಲ್ಲಿ ಹಕ್ಕಿ ನೋಡುತ್ತಾರೆ. ಬೀದಿಯವರು ಹಕ್ಕಿ ಮೇಡಂ ಎಂದು ಕಾಲೆಳೆದರೂ ಬೇಜಾರಿಲ್ಲ. ಗೂಡು ಕಟ್ಟುವಾಗ ಹಕ್ಕಿಗಳು ದಾರ ಎಳೆಯುತ್ತವೆ, ಕಾಲಿಗೆ ಸುತ್ತಿಕೊಂಡರೆ ನೈಲಾನ್ ಕಿತ್ತುಹೋಗುವುದಿಲ್ಲ, ಬೇಡ ಅಂತ ಅವರು ಹೇಳಿಯೇ ಇದ್ದರು.

"ನೂಲಾದ್ರೆ ಕಿತ್ತೋಗುತ್ತೆ ಕಣೇ ಜ್ಯೋತಿ. ಹರಕೆ ದಾರ ಅರ್ಧಕ್ಕೆ ಕಿತ್ತೋದ್ರೆ ನನ್ನ ಮಗಳ ಗತಿ?"

ತಾಯಿಯ ಆ ಭಯ ಕಂಡು ಜ್ಯೋತಿಲಕ್ಷ್ಮಿ ದುರ್ಬೀನು ಎತ್ತಿಕೊಂಡು ಮುಂದೆ ನಡೆದರು.

ಮುಂದಿನ ಸೋಮವಾರ ಇಬ್ಬರೂ ಜೊತೆಯಾಗಿ ಕಟ್ಟೆಗೆ ಬಂದರು. ಮರದಲ್ಲಿ ಗೊರವಂಕವೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಒಂದು ಕಾಲು ಹಳದಿ ದಾರದಲ್ಲಿ ಸಿಕ್ಕಿಕೊಂಡಿತ್ತು, ಒದ್ದಾಡಿದಷ್ಟೂ ಬಿಗಿಯುತ್ತಿತ್ತು. ಮೇಲೆ ಪೊಟರೆಯಲ್ಲಿ ಮರಿಗಳು ಹಸಿದು ಚೀರುತ್ತಿದ್ದವು. ಅವಕ್ಕೆಂದು ತಂದ ಹುಳು ಕಟ್ಟೆಯ ಮೇಲೆ ಬಿದ್ದಿತ್ತು. ದಾರ ಯಾರದೆಂದು ಕೇಳಬೇಕಾಗಿರಲಿಲ್ಲ.

"ಎಳೀಬೇಡಿ ಅಕ್ಕಾ, ಕಾಲು ಮುರಿದುಹೋಗುತ್ತೆ. ಸೆರಗು ಮುಚ್ಚಿ ಮೆತ್ತಗೆ ಹಿಡ್ಕೊಳ್ಳಿ."

ಪೂಜೆಯ ಬ್ಯಾಗಿನಲ್ಲಿ ಹಣ್ಣು ಕೊಯ್ಯುವ ಚಾಕು ಇತ್ತು. ಜ್ಯೋತಿಲಕ್ಷ್ಮಿ ಅದನ್ನು ಎತ್ತಿಕೊಂಡರು, ಆದರೆ ದಾರಕ್ಕೆ ತಾಗಿಸಲಿಲ್ಲ.

"ಇದು ನಿಮ್ಮ ಹರಕೆ ದಾರ. ನೀವು ಹೂಂ ಅಂದ್ರೇನೇ ಕೊಯ್ಯೋದು."

ಸೆರಗಿನೊಳಗೆ ಪುಟ್ಟ ಎದೆ ಡವಗುಟ್ಟುತ್ತಿತ್ತು. ಚಿಕ್ಕಲಕ್ಷ್ಮಮ್ಮನಿಗೆ ಇದೇ ಕಟ್ಟೆ, ಬಾಲ್ಯದ ಒಂದು ಮಳೆಗಾಲ ನೆನಪಾಯಿತು. ಅಮ್ಮ ಸುತ್ತಿದ ನೂಲು ನೆನೆದು ಜೀರ್ಣವಾಗಿ, ಹಕ್ಕಿಗಳು ಅದರ ಎಳೆ ಕಿತ್ತು ಒಯ್ಯುತ್ತಿದ್ದವು. ನಮ್ಮ ಹರಕೆ ಹೋಯಿತಲ್ಲ ಎಂದು ಆಗ ಪುಟ್ಟ ಹುಡುಗಿಯಾಗಿದ್ದ ಅವರು ಅತ್ತಿದ್ದರು. ಅಮ್ಮ ನಕ್ಕಿದ್ದಳು. "ಹಕ್ಕಿ ತಗೊಂಡೋಗಿ ಗೂಡಿಗೆ ಹಾಕ್ಕೊಂಡ್ರೆ ಹರಕೆ ಸಂದಂಗೆ ಕಣೇ" ಅಂದಿದ್ದಳು. ಅಂಥ ಮಾತನ್ನು ಹೇಗೆ ಮರೆತೆ? ಅವರ ಕಣ್ಣು ತುಂಬಿ ಬಂತು.

"ಇದೂ ಒಂದು ಬಾಣಂತೀನೇ ಅಲ್ವೇನೇ? ಕೊಯ್ಯೇ."

ಜ್ಯೋತಿಲಕ್ಷ್ಮಿ ದಾರ ಕೊಯ್ದು ಕಾಲಿನಿಂದ ಬಿಡಿಸಿದರು. ಗೊರವಂಕ ಕಾಲು ಮಡಚಿಕೊಂಡೇ ನೇರ ಪೊಟರೆಗೆ ಹಾರಿತು. ಇಬ್ಬರೂ ಮರಕ್ಕೆ ಸುತ್ತಿದ್ದ ನೈಲಾನನ್ನೆಲ್ಲ ಬಿಚ್ಚಿ ಬ್ಯಾಗಿಗೆ ತುಂಬಿದರು. ಹರಕೆ ದಾರ ಕೊಯ್ದದ್ದನ್ನು ಮಗಳಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಚಿಕ್ಕಲಕ್ಷ್ಮಮ್ಮನಿಗೆ ಚಿಂತೆ. ಕುಸುಮಾ ಎಲ್ಲ ಕೇಳಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮರಿಗಳಿಗೆ ಅಮ್ಮ ಸಿಕ್ಕಳಲ್ಲ, ಅಷ್ಟು ಸಾಕು ಅಂದಳು. ಮುಂದಿನ ವಾರದ ಹತ್ತಿ ನೂಲನ್ನು ಅವಳೇ ಅರಿಶಿನದಲ್ಲಿ ಅದ್ದಿಕೊಟ್ಟಳು.

ನಿಮ್ಮ ಬಡಾವಣೆಯ ಅರಳಿಕಟ್ಟೆಯನ್ನೂ ಒಮ್ಮೆ ನೋಡಿ ಬನ್ನಿ. ನೈಲಾನ್ ದಾರ, ಗಾಳಿಪಟದ ಮಾಂಜಾ ಕಂಡರೆ ಬಿಡಿಸಿ ತನ್ನಿ. ಸುತ್ತುವುದಾದರೆ ಹತ್ತಿ ನೂಲನ್ನೇ, ತುದಿ ಇಳಿಬಿಡದೆ ಸುತ್ತಿ. ಹಕ್ಕಿ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಬಟ್ಟೆ ಮುಚ್ಚಿ ದಾರ ಕತ್ತರಿಸಿ. ಗಾಯವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ನಿಮ್ಮ ಮನೆಗೆ ಬರುವ ಮಗುವಿಗಾಗಿ ಸುತ್ತಿದ ದಾರ ಇನ್ನೊಬ್ಬ ತಾಯಿಯ ಕಾಲು ಕಟ್ಟದಿರಲಿ.